ಅಂಕಿ ಮೇಷ್ಟ್ರು

ಕನ್ನಡವನ್ನು ಪ್ರಾಣಕ್ಕಿಂತ ಮಿಗಿಲಾಗಿ ಪ್ರೀತಿಸುವೆವೆಂದು ನವೆಂಬರ್ ತಿಂಗಳಲ್ಲಿ ಘೋಷಿಸುವವರು ನಾಡಿನಲ್ಲಿ ಅಸಂಖ್ಯಾತರಿದ್ದಾರೆ. ಆದರೆ ಅದೇ ಪ್ರೀತಿಯನ್ನು ಆಷಾಢದ ಒಂದು ಮಂಗಳವಾರ, ಬ್ಯಾಂಕಿನ ಕೌಂಟರಿನ ಮುಂದೆ, ಬೆನ್ನ ಹಿಂದೆ ಉದ್ದನೆಯ ಸಾಲು ನಿಟ್ಟುಸಿರು ಬಿಡುತ್ತಿರುವಾಗಲೂ, ಕಿಂಚಿತ್ತೂ ಕುಂದದಂತೆ ಕಾಪಾಡಿಕೊಂಡು ಬರುವವರು ಊರಿಗೊಬ್ಬರು ಸಿಕ್ಕಿದರೆ ಅದೇ ಪುಣ್ಯ. ಅಂಥವರು ಸಾಮಾನ್ಯವಾಗಿ ನಿವೃತ್ತ ಉಪಾಧ್ಯಾಯರು. ಜೇಬಿನಲ್ಲಿ ಎರಡು ಲೇಖನಿ, ಕೈಚೀಲದಲ್ಲಿ ಸರ್ಕಾರದ ಸುತ್ತೋಲೆಗಳ ಒಂದು ಕಂತೆ. ಭಾಷೆಯ ವಿಶಾಲ ಸಾಮ್ರಾಜ್ಯದಲ್ಲಿ ಅವರು ರಕ್ಷಣೆಗೆಂದು ಆರಿಸಿಕೊಂಡಿರುವ ಪ್ರಾಂತ್ಯವಾದರೋ ಬಹಳ ಚಿಕ್ಕದು: ೧ರಿಂದ ೯ರವರೆಗೆ, ಮೇಲೊಂದು ಸೊನ್ನೆ. ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಊರ ಬಾಯಲ್ಲಿ ಅವರು ಅಂಕಿ ಮೇಷ್ಟ್ರು.

ಚೆಕ್ಕನ್ನು ಗ್ರಾಹಕನು ಪ್ರಾದೇಶಿಕ ಭಾಷೆಯಲ್ಲಿಯೂ ಬರೆಯಬಹುದೆಂದು ರಿಸರ್ವ್ ಬ್ಯಾಂಕು ಅಪ್ಪಣೆ ಕೊಟ್ಟಿರುವುದು ನಮ್ಮನಿಮ್ಮಂಥವರಿಗೆ ಒಂದು ಸೌಕರ್ಯ. ಮೇಷ್ಟ್ರಿಗೆ ಅದು ಕರ್ತವ್ಯ. ೭೬೯೦ ಎಂದು ಮುತ್ತು ಪೋಣಿಸಿದಂತೆ ಬರೆದ ಚೆಕ್ಕನ್ನು ಅವರು ಒಳಗೆ ಸರಿಸುತ್ತಾರೆ. ಪ್ರತಿದಿನವೂ ತಪ್ಪದೆ ಕನ್ನಡ ಪತ್ರಿಕೆಯನ್ನು ಓದುವ, ಕನ್ನಡದಲ್ಲಿಯೇ ಬೈದು ಕನ್ನಡದಲ್ಲಿಯೇ ಬೈಸಿಕೊಳ್ಳುವ ಗುಮಾಸ್ತನು ಅದನ್ನು ಬೆಳಕಿಗೆ ಹಿಡಿದು, "ಇದು ತೆಲುಗಾ ಸಾರ್?" ಎನ್ನುತ್ತಾನೆ. ಮೇಷ್ಟ್ರು ಕೋಪಗೊಳ್ಳುವುದಿಲ್ಲ. ಒಂದು ನೋಟನ್ನು ತೆಗೆದು, ಅದರ ಹಿಂಬದಿಯ ಭಾಷಾಪಟ್ಟಿಯಲ್ಲಿ ಅಸ್ಸಾಮಿ, ಬಂಗಾಳಿ, ಗುಜರಾತಿಗಳ ಕೆಳಗೆ ನಾಲ್ಕನೆಯ ಸಾಲಿನಲ್ಲಿ ವಿರಾಜಮಾನವಾಗಿರುವ ಕನ್ನಡವನ್ನು ತೋರಿಸಿ, ನೋಟಿನಲ್ಲಿ ನಡೆಯುವ ಭಾಷೆ ಚೆಕ್ಕಿನಲ್ಲಿ ಏಕೆ ಎಡವಬೇಕೆಂದು ವಿಚಾರಿಸಿ, ಅನಂತರ ಪಾಠವನ್ನು ಒಂದರಿಂದ ಪ್ರಾರಂಭಿಸುತ್ತಾರೆ. ಸಾಲಿನಲ್ಲಿ ನಿಂತವರು ಅಷ್ಟರಲ್ಲಿ ಪಕ್ಕದ ಕೌಂಟರಿಗೆ ವಲಸೆ ಹೋಗಿರುತ್ತಾರೆ.

ಈ ವ್ರತಕ್ಕೆ ಅವರು ತೆತ್ತಿರುವ ಬೆಲೆ ಅಲ್ಪವಲ್ಲ. ವಾಹನದ ಸಂಖ್ಯೆಯನ್ನು ಇಂಗ್ಲಿಷ್ ಅಕ್ಷರ, ಅರಬ್ಬೀ ಅಂಕಿಗಳಲ್ಲಿಯೇ ಬರೆಯಿಸತಕ್ಕದ್ದೆಂದು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿರುವುದನ್ನು ಬಲ್ಲವರಾಗಿಯೂ, ಸ್ಕೂಟರಿನ ಹಲಗೆಯ ಮೇಲೆ ಕನ್ನಡವನ್ನೇ ಬರೆಯಿಸಿದರು. ಹಿಡಿದಾಗಲೆಲ್ಲ ದಂಡವನ್ನು ಸಂತೋಷದಿಂದ ತೆತ್ತರು. ರಶೀತಿಯನ್ನು ಮಾತ್ರ ಕನ್ನಡದ ಅಂಕಿಗಳಲ್ಲಿಯೇ ಬರೆದುಕೊಡಬೇಕೆಂದು ಹಟ ಹಿಡಿದರು. ಅವರನ್ನು ದೂರದಿಂದ ಕಂಡೊಡನೆ ಪೊಲೀಸಿನವರೇ ಮರದ ಮರೆಗೆ ಸರಿಯುವ ಸ್ಥಿತಿ ಬಂದಾಗ, ಎದುರಾಳಿಯಿಲ್ಲದ ಯುದ್ಧದಲ್ಲಿ ರುಚಿಯಿಲ್ಲವೆಂದು ಸ್ಕೂಟರನ್ನು ಮಾರಿ, ನೋಯುವ ಮೊಣಕಾಲುಗಳನ್ನೇ ವಾಹನವಾಗಿ ಮಾಡಿಕೊಂಡರು.

ಮಗಳ ಮದುವೆಯ ಕರೆಯೋಲೆಯಲ್ಲಿ ಈ ನಿಷ್ಠೆ ಪರಾಕಾಷ್ಠೆಯನ್ನು ಮುಟ್ಟಿತು. ಮುಹೂರ್ತ ಮೇ ತಿಂಗಳ ೯ನೆಯ ತಾರೀಖು. ವರನ ಕಡೆಯ ದೊಡ್ಡದೊಂದು ಬಳಗ ಅದನ್ನು ೬ ಎಂದು ಓದಿಕೊಂಡು, ಮಕ್ಕಳುಮರಿ ಸಮೇತ ಮೂರು ದಿನ ಮುಂಚೆಯೇ ದಯಮಾಡಿಸಿತು. "ಏನಂದ್ರೆ, ಅಕ್ಷರದಲ್ಲಿ ಒಂಬತ್ತು ಅಂತ ಬರೆಸಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಪತ್ನಿ ಒಲೆಯ ಮುಂದಿನಿಂದ ಕೇಳಿದ ಪ್ರಶ್ನೆಗೆ ಮೇಷ್ಟ್ರಲ್ಲಿ ಉತ್ತರವಿರಲಿಲ್ಲ, ಆದರೆ ಆ ಮೂರು ದಿನವೂ ಊಟವಾದ ಮೇಲೆ ಬೀಗರನ್ನೆಲ್ಲ ಪಡಸಾಲೆಯಲ್ಲಿ ಕುಳ್ಳಿರಿಸಿ, ಆರಕ್ಕೂ ಒಂಬತ್ತಕ್ಕೂ ಇರುವ ಭೇದವನ್ನು ಸ್ಲೇಟಿನ ಮೇಲೆ ತಿದ್ದಿಸಿಯೇ ಬಿಟ್ಟರು.

ಅವರನ್ನು ತರ್ಕದಿಂದ ಕೆಡಹಲು ಯತ್ನಿಸಿದವರೂ ಉಂಟು. ಕಾನೂನು ಓದಿದ ತರುಣನೊಬ್ಬನು, "ಮೇಷ್ಟ್ರೇ, ನೀವು ದೂರವಿಟ್ಟಿರುವ ಅಂಕಿಗಳೂ ನಮ್ಮವೇ, ಸಂವಿಧಾನದ ೩೪೩ನೆಯ ಅನುಚ್ಛೇದವೇ ಅವುಗಳನ್ನು ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪವೆಂದು ಕರೆದಿದೆ. ಇಲ್ಲಿ ಹುಟ್ಟಿ, ಅರಬ್ಬರ ಮೂಲಕ ಯೂರೋಪಿಗೆ ಹೋಗಿ, ಮರಳಿ ಬಂದಿವೆ, ಅಷ್ಟೆ" ಎಂದನು. ಮೇಷ್ಟ್ರು ಕ್ಷಣಕಾಲ ಯೋಚಿಸಿ, "ನಿಜ ಕಣಪ್ಪ. ಪರದೇಶಕ್ಕೆ ಹೋಗಿ ಕೋಟು ತೊಟ್ಟು ಬಂದ ಮಗನಿಗೂ ಊಟ ಬಡಿಸೋಣ. ಅವನು ಬಂದನೆಂದು, ಮನೆಯಲ್ಲೇ ಇದ್ದು ಮುಪ್ಪಿನಲ್ಲಿ ನಮ್ಮನ್ನು ನೋಡಿಕೊಂಡ ಮಗನನ್ನು ಜಗಲಿಗೆ ತಳ್ಳಬೇಕೇನು?" ಎಂದರು. ತರುಣನು ಸುಮ್ಮನಾದನು, ತನ್ನ ದೂರವಾಣಿಯ ಸಂಖ್ಯೆಯನ್ನು ಕನ್ನಡದಲ್ಲಿ ಬರೆದುಕೊಡುವವರೆಗೆ ಅವನಿಗೆ ಬಿಡುಗಡೆಯಾಗಲಿಲ್ಲ.

ಮೇಷ್ಟ್ರ ಸಂಗ್ರಾಮದ ವೈಚಿತ್ರ್ಯವಿರುವುದು ಇಲ್ಲಿ: ಅವರಿಗೆ ಅಡ್ಡ ನಿಂತ ಪರಭಾಷಿಕನನ್ನು ನಾನು ಕಾಣೆ, ನಿಂತವರೆಲ್ಲರೂ ಅಚ್ಚ ಕನ್ನಡಿಗರೇ. ಒಂದನೆಯ ತರಗತಿಯಲ್ಲಿ ಕಲಿತು ಎರಡನೆಯದರಲ್ಲಿ ಮರೆತವರನ್ನು ಗೆಲ್ಲುವುದು, ಎಂದೂ ಕಲಿಯದವರನ್ನು ಗೆಲ್ಲುವುದಕ್ಕಿಂತ ಕಷ್ಟ. ಆದರೂ ಬ್ಯಾಂಕಿನ ಗುಮಾಸ್ತನು ಕೊನೆಗೆ ಸೋತು, ಹತ್ತು ಅಂಕಿಗಳ ಚೀಟಿಯೊಂದನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡು, ಕ್ರಮೇಣ ಚೀಟಿಯಿಲ್ಲದೆಯೇ ಓದತೊಡಗಿದನು. ಓದು ಪೂರ್ಣವಾಯಿತೆನ್ನುವಷ್ಟರಲ್ಲಿ ಅವನಿಗೆ ಬೇರೆ ಊರಿಗೆ ವರ್ಗವಾಯಿತು. ಮೇಷ್ಟ್ರ ಶ್ರಮವೆಲ್ಲ ವ್ಯರ್ಥವಾಯಿತಲ್ಲಾ ಎಂದು ನಾವು ಮರುಗಿದರೆ, ಅವರು ಆ ಊರಿಗೂ ಒಬ್ಬ ಸಿಕ್ಕಿದನೆಂದು ಹರ್ಷಿಸಿ, ಅದೇ ಕುರ್ಚಿಯಲ್ಲಿ ಹೊಸದಾಗಿ ಬಂದು ಕುಳಿತವನ ಮುಂದೆ ಮತ್ತೊಂದು ಚೆಕ್ಕನ್ನು ಸರಿಸಿದರು.