ಹರ್ಡಲ್ ಪಂಡಿತರು

ಬಡಾವಣೆಗೊಬ್ಬರಂತೆ ಹರ್ಡಲ್ ಪಂಡಿತರು ಇದ್ದೇ ಇರುತ್ತಾರೆ. ನಿವೃತ್ತ ಬ್ಯಾಂಕ್ ಮ್ಯಾನೇಜರೋ, ಹೆಡ್ಮಾಸ್ತರೋ ಆಗಿರುತ್ತಾರೆ. ಮನೆಯ ಕಪಾಟಿನಲ್ಲಿ ರಟ್ಟು ಕಿತ್ತುಹೋದ ರೆನ್ ಅಂಡ್ ಮಾರ್ಟಿನ್, ಅಂಗಿ ಜೇಬಿನಲ್ಲಿ ಎರಡು ಪೆನ್ನು, ಅದರಲ್ಲೊಂದು ಕೆಂಪು. ಇವರ ಪ್ರತಿಭೆ ಅರಳುವುದು ನಿವಾಸಿಗಳ ಸಂಘದ ಭಾನುವಾರದ ಸಭೆಯಲ್ಲಿ. ಮೋರಿ ಕಟ್ಟಿಕೊಂಡಿದೆ, ಹೊಸ ಪೈಪು ಹಾಕಬೇಕು, ರಸ್ತೆ ಅಗೆಯಲು ಅನುಮತಿ ಬಂದಿಲ್ಲ ಎಂದಿಟ್ಟುಕೊಳ್ಳಿ. ಹುಡುಗನೊಬ್ಬ ಎದ್ದು ನಿಂತು, "ಸರ್, ಪರ್ಮಿಷನ್ ಒಂದೇ ಹರ್ಡಲ್ಲು. ಅದನ್ನ ಸಾಲ್ವ್ ಮಾಡಿದ್ರೆ ಸೋಮವಾರಾನೇ ಕೆಲಸ ಶುರು" ಎನ್ನುತ್ತಾನೆ. ಪಂಡಿತರ ಕೈ ಮೇಲೇಳುತ್ತದೆ. "ಒಂದ್ನಿಮಿಷ ಕಣಪ್ಪಾ. ಹರ್ಡಲ್ಲನ್ನ ಸಾಲ್ವ್ ಮಾಡಕ್ಕಾಗಲ್ಲ. ಸಾಲ್ವ್ ಆಗೋದು ಪ್ರಾಬ್ಲಮ್ಮು. ಹರ್ಡಲ್ಲನ್ನ ಕ್ಲಿಯರ್ ಮಾಡ್ಬೇಕು, ಇಲ್ಲಾ ಓವರ್‌ಕಮ್ ಮಾಡ್ಬೇಕು." ಖಜಾಂಚಿಗೆ ಸುಮ್ಮನಿರಲು ಮನಸ್ಸಾಗುವುದಿಲ್ಲ. "ಹಾಗಾದ್ರೆ ಅಬ್‌ಸ್ಟಕಲ್ಲು?" ಎಂದು ಕೇಳುತ್ತಾರೆ. "ಅದರ ಕಥೆನೇ ಬೇರೆ ಸ್ವಾಮಿ. ಅದಾದ್ಮೇಲೆ ‘ಟು’ ಬರ್ಬೇಕು." ಅಷ್ಟರಲ್ಲಿ ಟೀ ಬರುತ್ತದೆ, ಸಭೆ ಬರಖಾಸ್ತಾಗುತ್ತದೆ. ಹೊರಗೆ ಮೋರಿ ನೀರು ಯಾವ ವ್ಯಾಕರಣಕ್ಕೂ ಕಾಯದೆ ರಸ್ತೆಗೆ ಬಂದಿರುತ್ತದೆ.

ಪಂಡಿತರು ಹೇಳುವುದರಲ್ಲಿ ತಪ್ಪಿಲ್ಲ ಎನ್ನುವುದನ್ನು ಮೊದಲೇ ಒಪ್ಪಿಬಿಡಬೇಕು. ಪ್ರತಿ ಭಾಷೆಯಲ್ಲೂ ನಾಮಪದಕ್ಕೆ ತನ್ನದೇ ಆದ ಕ್ರಿಯಾಪದದ ಸಹವಾಸವಿರುತ್ತದೆ. ನಾವು ತೊಡಕನ್ನು ಬಿಡಿಸುತ್ತೇವೆ, ವಿಘ್ನವನ್ನು ನಿವಾರಿಸುತ್ತೇವೆ, ಅಡೆತಡೆಯನ್ನು ದಾಟುತ್ತೇವೆ. ‘ವಿಘ್ನವನ್ನು ಬಿಡಿಸಿದೆ’ ಎಂದರೆ ಎರಡನೇ ಕ್ಲಾಸಿನ ಮಗುವೂ ನಗುತ್ತದೆ. ಧಾರವಾಡದ ಕಡೆ ಊಟ ಹೇಗಿತ್ತು ಎಂದರೆ ‘ಅಡ್ಡಿಯಿಲ್ಲ’ ಎನ್ನುತ್ತಾರೆ. ಚೆನ್ನಾಗಿತ್ತು ಎಂದರ್ಥವೇ ಹೊರತು ಅನ್ನದಲ್ಲಿ ಯಾವ ಅಡಚಣೆಯೂ ಇರಲಿಲ್ಲ ಎಂದಲ್ಲ. ಇದನ್ನೆಲ್ಲ ಯಾರೂ ಕೆಂಪು ಪೆನ್ನು ಹಿಡಿದು ಕಲಿಸಿದ್ದಲ್ಲ, ಸಾವಿರ ಸಲ ಕೇಳಿ ಕಿವಿಗೆ ಹತ್ತಿದ್ದು. ಇಂಗ್ಲಿಷ್ ಕೂಡ ಹತ್ತುವುದು ಹಾಗೆಯೇ. ಆದ್ದರಿಂದ ತಕರಾರು ಇರುವುದು ಪಂಡಿತರ ನಿಯಮದ ಮೇಲಲ್ಲ, ಅವರು ಅದನ್ನು ಎತ್ತುವ ಹೊತ್ತಿನ ಮೇಲೆ.

ಇನ್ನು ಆ ಹರ್ಡಲ್ಲಿನ ಜಾತಕವನ್ನೇ ತೆಗೆದು ನೋಡೋಣ. ಮೂಲದಲ್ಲಿ ಅದು ಇಂಗ್ಲೆಂಡಿನ ರೈತರು ಕುರಿ ಕೂಡಿಹಾಕಲು ಕಡ್ಡಿ ಹೆಣೆದು ಮಾಡುತ್ತಿದ್ದ ತಡಿಕೆ. ಅಲ್ಲಿನ ರಾಜದ್ರೋಹಿಗಳನ್ನು ಇಂಥದೇ ತಡಿಕೆಗೆ ಕಟ್ಟಿ, ಕುದುರೆಯಿಂದ ವಧಾಸ್ಥಾನಕ್ಕೆ ಎಳೆಸುತ್ತಿದ್ದ ಕಾಲವೂ ಇತ್ತು. ಓಟದ ಮೈದಾನಕ್ಕೆ ಬಂದದ್ದು ಆಮೇಲೆ, ‘ಕಷ್ಟ’ ಎಂಬ ಅರ್ಥ ಹೊತ್ತದ್ದು ಅದಕ್ಕೂ ಆಮೇಲೆ. ಕುರಿದೊಡ್ಡಿಯಿಂದ ಹೊರಟು ಇಷ್ಟು ದೂರ ಬಂದ ಪದ ನಮ್ಮ ಬಡಾವಣೆಯಲ್ಲಿ ಒಂದು ಹೆಜ್ಜೆ ತಪ್ಪಿಟ್ಟರೆ ಮುಳುಗಿಹೋಗುವುದೇನಿಲ್ಲ. ಮೈದಾನದ ನಿಯಮಗಳಂತೂ ಪಂಡಿತರಿಗಿಂತ ಎಷ್ಟೋ ಉದಾರ. ಪುರುಷರ 110 ಮೀಟರ್ ಓಟದಲ್ಲಿ ತಲಾ 1.067 ಮೀಟರ್ ಎತ್ತರದ ಹತ್ತು ಹರ್ಡಲ್‌ಗಳಿರುತ್ತವೆ. ಕಾಲು ತಾಗಿದರೆ ಉರುಳಿಬೀಳಬೇಕೆಂದೇ ಅವನ್ನು ಮಾಡಿರುವುದು. ಮೇಲಂಚಿಗೆ ಸುಮಾರು 4 ಕಿಲೋ ಭಾರದ ಒತ್ತಡ ಬಿದ್ದರೆ ಸಾಕು, ಮಗುಚಿಕೊಳ್ಳುತ್ತವೆ. ಬೇಕೆಂದೇ ಕೆಡವದಿದ್ದರೆ, ಓಡುವಾಗ ಬಿತ್ತು ಎಂಬ ಮಾತ್ರಕ್ಕೆ ಓಟಗಾರನನ್ನು ಹೊರಗೆ ಹಾಕುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಸಮಯ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಅವರಿಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಿಂದ. ನಮ್ಮ ಸಭೆಯಲ್ಲಾದರೋ ಒಂದು ಕ್ರಿಯಾಪದಕ್ಕೆ ಅರ್ಧ ಗಂಟೆ. ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಓಟದ ಚಿನ್ನ ಗೆದ್ದಾಗ, ಹತ್ತು ಹರ್ಡಲ್‌ಗಳನ್ನು ಕ್ಲಿಯರ್ ಮಾಡಿದಿರೋ ಓವರ್‌ಕಮ್ ಮಾಡಿದಿರೋ ಎಂದು ಕೇಳಿ ಯಾರೂ ಪದಕ ತಡೆಹಿಡಿಯಲಿಲ್ಲ.

ಪಂಡಿತರ ಕಡೆಯವರು ಇಲ್ಲೊಂದು ಪ್ರಶ್ನೆ ಹಾಕುತ್ತಾರೆ: "ಅದೆಲ್ಲ ಸರಿ, ನಾಳೆ ಆ ಹುಡುಗ ಇಂಟರ್‌ವ್ಯೂನಲ್ಲಿ ಹಾಗೇ ಅಂದರೆ ಕೆಲಸ ಯಾರು ಕೊಡ್ತಾರೆ?" ತೂಕವಿರುವ ಮಾತು. ನಮ್ಮಲ್ಲಿ ಇಂಗ್ಲಿಷ್ ಬರೀ ಭಾಷೆಯಲ್ಲ, ಸಂಬಳವೂ ಹೌದು. ಹಾಗೆಂದೇ ತಿದ್ದುವುದಕ್ಕೆ ಜಾಗ ಬೇರೆಯಿದೆ. ಹುಡುಗನನ್ನು ಸಂಜೆ ಮನೆಗೆ ಕರೆದು, ಅರ್ಜಿ ಓದಿಸಿ, ನಾಲ್ಕು ವಾಕ್ಯ ಬರೆಸಿ ತಿದ್ದಿದರೆ ಅದು ಪಾಠ. ಇಪ್ಪತ್ತು ಜನರೆದುರು ತಿದ್ದಿದರೆ ಅವನಿಗೆ ಹತ್ತುವುದು ಒಂದೇ ಪಾಠ, ಮುಂದಿನ ಸಭೆಯಲ್ಲಿ ಬಾಯಿ ಬಿಡಬಾರದು ಎಂಬುದು. ಮಾತಾಡದವನ ಇಂಗ್ಲಿಷ್ ಸುಧಾರಿಸಿದ ಉದಾಹರಣೆ ಇಲ್ಲ.

"ಹೀಗೆ ಬಿಟ್ಟರೆ ಭಾಷೆ ಕೆಟ್ಟುಹೋಗುತ್ತದೆ" ಎನ್ನುವುದು ಎರಡನೆಯ ಆಕ್ಷೇಪ. ಭಾಷೆಯ ಕಾಳಜಿ ನಿಜವಾಗಿದ್ದರೆ ಅದು ಎಲ್ಲ ಭಾಷೆಗೂ ಸಮನಾಗಿ ಹಂಚಿಕೆಯಾಗಬೇಕಿತ್ತು. ಪಂಡಿತರು ಕೂತ ಕುರ್ಚಿಯ ನೆತ್ತಿಯ ಮೇಲೇ ‘ಹಾರ್ಧಿಕ ಸ್ವಾಗತ’ ಎಂಬ ಬ್ಯಾನರ್ ತೂಗುತ್ತಿರುತ್ತದೆ. ಹಾರ್ದಿಕಕ್ಕೆ ಬಾಲ ಬೆಳೆದದ್ದು ಅವರ ಕಣ್ಣಿಗೆ ಬೀಳುವುದಿಲ್ಲ, ಕೆಂಪು ಪೆನ್ನು ಜೇಬು ಬಿಟ್ಟು ಮೇಲೇಳುವುದೂ ಇಲ್ಲ. ಕನ್ನಡ ತಪ್ಪಿದರೆ ಬೆರಳಚ್ಚಿನ ದೋಷ, ಇಂಗ್ಲಿಷ್ ತಪ್ಪಿದರೆ ಮನುಷ್ಯನ ದೋಷ ಎಂಬ ಈ ಲೆಕ್ಕದಲ್ಲೇ ಅವರ ಗುಟ್ಟಿದೆ. ಅವರು ಕಾಯುತ್ತಿರುವುದು ಭಾಷೆಯನ್ನಲ್ಲ, ದರ್ಜೆಯನ್ನು. ತುಂಬಾ ಕಷ್ಟಪಟ್ಟು ಏರಿದ ಮೆಟ್ಟಿಲಿಗೆ ಹಿಂದೆ ಬಂದವನು ಎರಡೇ ನೆಗೆತಕ್ಕೆ ಹತ್ತಿ ನಿಂತರೆ ಯಾರಿಗಾದರೂ ಹೊಟ್ಟೆ ಚುರ್ ಎನ್ನುತ್ತದೆ. ಆ ಸಂಕಟಕ್ಕೆ ಅನುಕಂಪವಿರಲಿ. ಆದರೆ ಅದಕ್ಕಾಗಿ ಮೋರಿ ಕೆಲಸ ನಿಲ್ಲಿಸುವುದು ಬೇಡ.

ಹಾಗೆಂದು ಇವರನ್ನು ಮೂಲೆಗೆ ಕೂರಿಸಿ ಎಂದೂ ಹೇಳುತ್ತಿಲ್ಲ. ಕಚೇರಿಗೆ ಹೋಗುವ ಅರ್ಜಿಯಲ್ಲಿ ಒಂದು ಪದ ಆಚೀಚೆಯಾದರೆ ಅದು ಯಾವ ಮೇಜಿನಲ್ಲಿ ಎಷ್ಟು ದಿನ ಮಲಗುತ್ತದೋ ಹೇಳಲಾಗದು. ಅಂಥಲ್ಲಿ ಇವರಷ್ಟು ಉಪಕಾರಿಗಳು ಬೇರೆ ಇಲ್ಲ. ನಿಮ್ಮ ಸಂಘದಲ್ಲಿ ಇಂಥವರೊಬ್ಬರಿದ್ದರೆ ಮುಂದಿನ ಚುನಾವಣೆಯಲ್ಲಿ ಅವಿರೋಧವಾಗಿ ಕಾರ್ಯದರ್ಶಿ ಮಾಡಿ, ನಡಾವಳಿ ಪುಸ್ತಕವನ್ನು ಕೈಗೆ ಕೊಟ್ಟುಬಿಡಿ. ಪತ್ರಗಳು ತಪ್ಪಿಲ್ಲದೆ ಹೋಗುತ್ತವೆ. ಬರೆದುಕೊಳ್ಳುವ ಕೆಲಸ ಇರುವವರಿಗೆ ಸಭೆಯಲ್ಲಿ ಕೈ ಎತ್ತಲು ಪುರುಸೊತ್ತೂ ಇರುವುದಿಲ್ಲ.