ಪಂಪ್ ರಾಯರು

ಪ್ರತಿ ಬಡಾವಣೆಗೂ ಒಬ್ಬ ಗಿಡದ ಡಾಕ್ಟರು ಇರುತ್ತಾರೆ. ನಮ್ಮ ಪಾಲಿಗೆ ಬಂದವರು ಪಂಪ್ ರಾಯರು. ಬ್ಯಾಂಕಿನಿಂದ ನಿವೃತ್ತರಾದಾಗ ಶಾಲು, ಹಾರದ ಜತೆ ಸಿಕ್ಕ ಪುರುಸೊತ್ತನ್ನು ಏನು ಮಾಡುವುದೆಂದು ತೋಚದೆ ಎರಡು ಲೀಟರಿನ ಸ್ಪ್ರೇ ಪಂಪೊಂದನ್ನು ಕೊಂಡರು. ಅಂದಿನಿಂದ ಬೀದಿಯ ಹುಳುಗಳೆಲ್ಲ ಅವರ ಅಧಿಕಾರವ್ಯಾಪ್ತಿಗೆ ಬಂದವು.

ಹಿಂದೆ ಸಾಲದ ಅರ್ಜಿ ನೋಡುತ್ತಿದ್ದ ಹಾಗೆಯೇ ಗಿಡವನ್ನೂ ನೋಡುತ್ತಾರೆ: ತೀರ್ಮಾನ ಮೊದಲು, ಪರಿಶೀಲನೆ ಆಮೇಲೆ. "ಎಲೆ ತೂತಾಗಿದ್ಯೇನ್ರೀ? ಹೊಡೀರಿ ಔಷಧಿ!" ಎಲೆ ಹಳದಿಯಾದರೂ ಔಷಧಿ. ಹಸಿರಾಗಿದ್ದರೆ ಮುಂಜಾಗ್ರತೆಗೆ ಅರ್ಧ ಡೋಸು.

ಮಳೆ ಬಿದ್ದು ಕರಿಬೇವು ಚಿಗುರಿತೆಂದರೆ ರಾಯರಿಗೆ ಸುಗ್ಗಿ. ಎಳೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಕಂಡರೆ ಕಾಗೆಗಳನ್ನು ಬೈದು ಮುಂದೆ ಹೋಗುತ್ತಾರೆ. ಅದು ನಿಂಬೆ ಚಿಟ್ಟೆಯ ಮರಿಹುಳು. ಹಕ್ಕಿಗಳಿಗೆಂದು ಹಾಕಿದ ವೇಷಕ್ಕೆ ರಾಯರೂ ಮೋಸಹೋಗುತ್ತಾರೆ. ಅದೇ ಹುಳು ಪೊರೆ ಕಳಚಿ ದಪ್ಪಗೆ, ಹಸಿರಾಗಿ ಕಂಡಾಗ "ಹೊಸ ಕೀಟ ಬಂದಿದೆ" ಎಂದು ಬೀದಿಗೆಲ್ಲ ಡಂಗುರ. ಒಮ್ಮೆ ಕಡ್ಡಿಯಲ್ಲಿ ತಿವಿದರು. ಹುಳು ತಲೆಯ ಹಿಂದಿನಿಂದ ಕೆಂಪು ಕವಲುಕೊಂಬು ಚಾಚಿ ಘಾಟು ವಾಸನೆ ಬಿಟ್ಟಿತು. "ವಿಷ! ವಿಷ!" ಎನ್ನುತ್ತ ರಾಯರು ಒಂದೇ ಚಪ್ಪಲಿಯಲ್ಲಿ ಮನೆ ಸೇರಿದರು. ಪಾಪ, ಆ ಕೊಂಬು ಚುಚ್ಚುವುದಿಲ್ಲ, ಹುಳು ಕಚ್ಚುವುದೂ ಇಲ್ಲ. ಹೆದರಿಸುವುದಷ್ಟೇ ಅದರ ಕಸುಬು.

ರಾಯರ ಹೆಂಡತಿಯದು ಬೇರೆಯೇ ಶಾಸ್ತ್ರ. ದೊಡ್ಡ ಗಿಡದ ಹುಳುವಿನ ತಂಟೆಗೆ ಹೋಗುವುದಿಲ್ಲ. ತಿಂದಷ್ಟೂ ಮತ್ತೆ ಚಿಗುರುತ್ತದೆ. ಕುಂಡದ ಸಸಿಯಲ್ಲಿದ್ದರೆ ಎಲೆಸಮೇತ ಚಿವುಟಿ ದೊಡ್ಡ ಗಿಡಕ್ಕೆ ವರ್ಗ ಮಾಡುತ್ತಾರೆ. ಚಿಟ್ಟೆ ಮತ್ತೆ ಮೊಟ್ಟೆಯಿಡದಂತೆ ಸಸಿಗೆ ಹಳೆಯ ಸೊಳ್ಳೆಪರದೆ ಹೊದಿಸುತ್ತಾರೆ. ಗಂಡ ವಿಷ ಹೊಡೆದ ಎಲೆಯನ್ನು ಒಗ್ಗರಣೆಗೆ ಹಾಕುವ ಧೈರ್ಯ ಮಾತ್ರ ಅವರಿಗಿಲ್ಲ. ಕರಿಬೇವಿಲ್ಲದ ಸಾರು ಉಂಡು ರಾಯರು ಗೊಣಗಿದ ಮೇಲೆ, ಪಂಪು ತುಂಬಿಸುವ ಕೆಲಸವನ್ನು ಅಮ್ಮನವರೇ ವಹಿಸಿಕೊಂಡರು. ಒಳಗಿರುವುದು ನೀರು ಮಜ್ಜಿಗೆ.

ಹುಳು ಎರಡು ಮೂರು ವಾರ ತಿಂದು, ಕಡ್ಡಿಗೆ ರೇಷ್ಮೆಯೆಳೆ ಬಿಗಿದುಕೊಂಡು ಕೋಶವಾಗಿ, ಕೊನೆಗೆ ಹಳದಿ ಮಚ್ಚೆಯ ಕಪ್ಪು ಚಿಟ್ಟೆಯಾಗಿ ತನ್ನ ಪಾಡಿಗೆ ಹಾರಿಹೋಗುತ್ತದೆ. ರಾಯರು ಬೀದಿಯವರನ್ನು ಕರೆದು ಗಿಡ ತೋರಿಸುತ್ತಾರೆ: "ನೋಡಿದ್ರಾ, ಒಂದು ಹುಳ ಇಲ್ಲ! ಈ ಔಷಧಿ ಸ್ವಲ್ಪ ನಿಧಾನ, ಆದ್ರೆ ಗ್ಯಾರಂಟಿ."

ಈಗ ಅಕ್ಕಪಕ್ಕದವರೂ ಬಾಟಲಿ ಹಿಡಿದು ಬರುತ್ತಿದ್ದಾರೆ. ಅಮ್ಮನವರು ದಿನಾ ಅರ್ಧ ಲೀಟರ್ ಹಾಲು ಹೆಚ್ಚು ಹಾಕಿಸಿಕೊಳ್ಳುತ್ತಿದ್ದಾರೆ.