ಬಂಡೂರು ಕುರಿಯ ಪಕ್ಕವಾದ್ಯಗಳು

ಮಳವಳ್ಳಿ ತಾಲ್ಲೂಕಿನ ತಳಿ ಬಂಡೂರು ಕುರಿ. ಕಾಲು ಗಿಡ್ಡ, ಮೈ ದುಂಡು. ಕೊಬ್ಬು ಎಳೆಯೆಳೆಗೂ ಹರಡಿರುವುದರಿಂದ ಬಾಡು ಬಲು ಮೆದು. ಜಪಾನಿನ ವಾಗ್ಯು ದನದ ಮಾಂಸಕ್ಕೆ ವೈನ್ ಹುಡುಕಿ ತಲೆ ಕೆಡಿಸಿಕೊಳ್ಳುವವರುಂಟು. ಇಲ್ಲಿ ಆ ಚಿಂತೆಯಿಲ್ಲ, ಮುದ್ದೆ ಮೊದಲೇ ತಟ್ಟೆಯಲ್ಲಿ ಕೂತಿರುತ್ತದೆ. ರಾಗಿಗೆ ಸ್ವಂತ ರುಚಿಯ ಹಮ್ಮು ಕಡಿಮೆ. ಸಾರಿನ ಜಿಡ್ಡನ್ನೆಲ್ಲ ಹೊದ್ದುಕೊಂಡು ಗಂಟಲಲ್ಲಿ ಜಾರುತ್ತದೆ. ನಾಲಿಗೆಗೆ ಅಂಟಿದ್ದನ್ನು ಬಿಡಿಸಲು ಹಸಿ ಈರುಳ್ಳಿ, ನಿಂಬೆಹೋಳು ಸಾಕು.

ಎಡವಟ್ಟಾಗುವುದು ಕುಡಿಯುವುದರಲ್ಲಿ. ಐಸ್ ಹಾಕಿದ ಸೋಡಾ ಇಳಿಸಿದರೆ ಕುರಿಕೊಬ್ಬು ತುಟಿಯ ಮೇಲೆ ಮೇಣದಂತೆ ಹೆಪ್ಪುಗಟ್ಟುತ್ತದೆ. ಬಿಸಿ ಕಾಲುಸೂಪೇ ವಾಸಿ. ಕಬ್ಬಿನ ಸೀಮೆಯೆಂಬ ಅಭಿಮಾನಕ್ಕೆ ಬಾಡಿನ ಜೊತೆ ಕಬ್ಬಿನ ಹಾಲು ಕುಡಿದರೆ ಹೊಟ್ಟೆ ಅರ್ಧಕ್ಕೇ ಕೈಮುಗಿಯುತ್ತದೆ. ಬೀಗರೂಟ ಹಾಕಿಸಿದವರಿಗೆ ಲಾಭ, ಉಣ್ಣುವವರಿಗಲ್ಲ. ಕೊನೆಗೆ ಬಾಳೆಹಣ್ಣು, ಎಲೆ-ಅಡಿಕೆ.